ಪ್ರತಿಕ್ರಿಯೆ: ಸತ್ತಿದೆ ಅನ್ನುವ ಮೊದಲು ಇನ್ನೂ ಸ್ವಲ್ಪ ದಿನ ಕಾಯಿರಿ

ಕುದುರೆಯ ರಕ್ತಕಣದಲ್ಲಿ ಬೆಳೆಸಿದ ಥೈಲೇರಿಯಾ ಈಕ್ವಿ ಎಂಬ ರಕ್ತದ ಪರಾವಲಂಬಿಗೆ ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕಿದ್ದೀರಿ. 4ನೇ ದಿನ ಸ್ಲೈಡಿನಲ್ಲಿ ಏನೂ ಕಾಣಲಿಲ್ಲ, ಸತ್ತಿದೆ ಅಂತ ಬರೆಯಬಹುದಾ ಎಂದು ಕೇಳಿದ್ದೀರಿ ಅಲ್ವಾ? ದಯವಿಟ್ಟು ಈಗಲೇ ಬರೆಯಬೇಡಿ. ಔಷಧಿ ಇಲ್ಲದ ಮೀಡಿಯಂ (ಬೆಳೆಸುವ ದ್ರವ), ಹೊಸ ಕೆಂಪು ರಕ್ತಕಣ ಕೊಟ್ಟು ಇನ್ನೂ ಕೆಲವು ದಿನ ಬೆಳೆಸಿ ನೋಡಿ. ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಒಂದೇ ಕಣದೊಳಗೆ ನಾಲ್ಕು ಪುಟ್ಟ ಪರಾವಲಂಬಿಗಳು ಶಿಲುಬೆಯ ಹಾಗೆ ಕೂಡಿಕೊಂಡು ಮತ್ತೆ ಕಂಡರೆ, ಬೆಳವಣಿಗೆ ನಿಂತಿತ್ತು ಅಷ್ಟೇ, ಸತ್ತಿರಲಿಲ್ಲ.

ಉಲ್ಟಾ ತಪ್ಪೂ ಆಗುತ್ತದೆ. ಮಲೇರಿಯಾ ಪರಾವಲಂಬಿಯಲ್ಲಿ ಕ್ಲಿಂಡಾಮೈಸಿನ್ ಪರಿಣಾಮ ಎರಡನೇ ಸುತ್ತಿನ ಬೆಳವಣಿಗೆಯಲ್ಲಿ ಕಾಣುತ್ತದೆ. ಬೇಗ ಎಣಿಸಿದರೆ ಒಳ್ಳೆ ಔಷಧಿಯನ್ನೇ ಸುಮ್ನೆ ಕೈಬಿಟ್ಟಂತೆ.

ಹೋಲಿಸಿ ನೋಡಲು ಪ್ಲೇಟಿನ ಪಕ್ಕದ ಗುಳಿಗಳಲ್ಲಿ ಡಿಮಿನಜೀನ್ (ಈ ಪರಾವಲಂಬಿಯನ್ನು ಕೊಲ್ಲುವ ಔಷಧಿ) ಒಂದು, ಔಷಧಿ ಕರಗಿಸುವ ಬರೀ ದ್ರಾವಕ ಒಂದು ಇಡಲೇಬೇಕು. ದ್ರಾವಕವೇ ಕಣ ಒಡೆದಿದ್ದರೆ ನಿಮ್ಮ ಲೆಕ್ಕವೆಲ್ಲ ಹಾಳು.