ಹಲ್ಲಿನ ಬಣ್ಣದ ಬ್ರೇಸಸ್ ತಂತಿ ಕೊನೆವರೆಗೂ ಬಿಳಿಯಾಗೇ ಇರುತ್ತಾ?

ಮಂಗಳೂರಲ್ಲಿ ಓದುವ ಮಗಳಿಗೆ ಸೆರಾಮಿಕ್ ಬ್ರೇಸಸ್ ಜೊತೆ ಬಿಳಿ ತಂತಿಯನ್ನೂ ಹಾಕಿಸಬಹುದಾ ಎಂದು ಕೇಳಿದ್ದೀರಿ. ಹಾಕಿಸಬಹುದು. ಆದರೆ ಆ ಬಿಳುಪು ಜಾಸ್ತಿ ದಿನ ಬಾಳುವುದಿಲ್ಲ.

ಒಳಗಿರುವುದು ಸಾಮಾನ್ಯವಾಗಿ ನಿಕ್ಕಲ್-ಟೈಟಾನಿಯಂ ಅಥವಾ ಸ್ಟೀಲ್ ತಂತಿಯೇ. ಮೇಲೆ ಟೆಫ್ಲಾನ್ ಅಥವಾ ಎಪಾಕ್ಸಿ ಲೇಪ. ಬ್ರಶ್ ಉಜ್ಜಿ, ಊಟ ಅಗಿದು, ಬ್ರಾಕೆಟ್ (ತಂತಿ ಕೂರಿಸಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಅಂಚಿಗೆ ತಿಕ್ಕಿ ಕೆಲವೇ ವಾರಗಳಲ್ಲಿ ಲೇಪ ಅಲ್ಲಲ್ಲಿ ಏಳುತ್ತದೆ. ಹತ್ತಿರದಿಂದ ನೋಡಿದರೆ ಬಿಳಿಯ ನಡುವೆ ಬೂದು ಲೋಹ ಇಣುಕುತ್ತದೆ. ಜೊತೆಗೆ ನಮ್ಮೂರ ಮೀನು ಗಸಿಯ ಅರಿಶಿನ ಬೇರೆ! ಅದು ಲೇಪಕ್ಕೂ, ತಂತಿ ಹಿಡಿದಿಡುವ ತಿಳಿ ರಬ್ಬರ್ ಉಂಗುರಕ್ಕೂ ಹಳದಿ ಹಿಡಿಸುತ್ತದೆ. ಉಂಗುರವನ್ನು ಚೆಕಪ್‌ಗೆ ಹೋದಾಗ ಬದಲಾಯಿಸುತ್ತಾರೆ, ತಂತಿಯನ್ನು ಪ್ರತಿ ಸಲ ಅಲ್ಲ.

ನೋಟಕ್ಕಿಂತ ಕೆಲಸ ಮುಖ್ಯ ಅಲ್ವಾ? ಲೇಪಕ್ಕೆ ಜಾಗ ಬಿಡಲು ಕೆಲವು ತಂತಿಗಳಲ್ಲಿ ಒಳಗಿನ ಲೋಹವನ್ನೇ ತೆಳ್ಳಗೆ ಮಾಡಿರುತ್ತಾರೆ. ಪ್ಯಾಕೆಟ್ ಮೇಲೆ ಅಳತೆ ಅದೇ ಇದ್ದರೂ ಹಲ್ಲನ್ನು ತಳ್ಳುವ ಬಲ ಕಮ್ಮಿ. ಲೇಪ ಎದ್ದ ಕಡೆ ಒರಟಾಗಿ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾದ ಅಂಟು ಪದರ, ಕೂರುತ್ತದೆ.

ರೋಡಿಯಂ ಎಂಬ ಲೋಹದ ಲೇಪ ಇರುವ ತಂತಿಯೂ ಇದೆ. ಆ ಲೇಪ ಅಷ್ಟು ಸುಲಭವಾಗಿ ಏಳುವುದಿಲ್ಲ, ಆದರೆ ಬಣ್ಣ ಸ್ವಲ್ಪ ಮಂಕು.

ನನ್ನ ಪ್ರಕಾರ ಶುರುವಿನಲ್ಲಿ ಹಲ್ಲು ಸಾಲಿಗೆ ತರುವಾಗ ಬಿಳಿ ತಂತಿ ಹಾಕಿಸಿ. ಹಲ್ಲು ಕಿತ್ತ ಜಾಗ ಮುಚ್ಚುವ ಹಂತದಲ್ಲಿ ಡಾಕ್ಟರ್ ಸ್ಟೀಲ್ ತಂತಿ ಬೇಕು ಎಂದರೆ ದಯವಿಟ್ಟು ಒಪ್ಪಿಕೊಳ್ಳಿ.