ಶಿವಮೊಗ್ಗದಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಆಗಲು ಲೈಸೆನ್ಸ್ ಬೇಕಾ?

ಬಿ.ಕಾಂ. ಮುಗಿಸಿ ಸಾಗರದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೀರಿ, ಶಿವಮೊಗ್ಗದಲ್ಲಿ ಸೈಟು-ತೋಟ ಕೊಡಿಸುವ ಕೆಲಸಕ್ಕೆ ಇಳಿಯಬೇಕು ಅಂತಿದ್ದೀರಿ, ಅದಕ್ಕೆ ಲೈಸೆನ್ಸ್ ಬೇಕಾ, ಹೇಗೆ ಮಾಡಿಸೋದು ಅಂತ ಕೇಳಿದ್ದೀರಿ. ನಾನು ಇದೇ ಜಿಲ್ಲೆಯಲ್ಲಿ ಹನ್ನೊಂದು ವರ್ಷದಿಂದ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಲೇಔಟ್ ಸೈಟು, ಅಪಾರ್ಟ್‌ಮೆಂಟ್ ಮಾರಿಸಬೇಕಾದರೆ ಬೇಕೇ ಬೇಕು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ 500 ಚದರ ಮೀಟರ್ ದಾಟಿದ ಲೇಔಟ್ ಅಥವಾ 8ಕ್ಕಿಂತ ಜಾಸ್ತಿ ಫ್ಲಾಟ್ ಇರುವ ಕಟ್ಟಡ ನೋಂದಣಿ ಆಗಬೇಕು. ಅದನ್ನು ಮಾರಿಸುವ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. 500 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 5 ಗುಂಟೆ. ಸವಳಂಗ ರಸ್ತೆಯಲ್ಲೋ ಸೋಗಾನೆ ಕಡೆಯೋ 5 ಗುಂಟೆಯಲ್ಲಿ ಯಾರು ಲೇಔಟ್ ಮಾಡುತ್ತಾರೆ? ಹಾಗಾಗಿ ಲೇಔಟ್ ಅಂದರೆ ರೇರಾ ಅಂತಲೇ ಇಟ್ಟುಕೊಳ್ಳಿ. ಹಳೇ ಮನೆ, ಹಿಡುವಳಿ ಗದ್ದೆ, ಅಡಿಕೆ ತೋಟದ ವ್ಯವಹಾರ ಇದರೊಳಗೆ ಬರುವುದಿಲ್ಲ.

ಮಾಡಿಸುವುದು ಕಷ್ಟವಲ್ಲ. ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲೇ ಅರ್ಜಿ ಹಾಕಬಹುದು, ಬೆಂಗಳೂರಿಗೆ ಓಡಾಡಬೇಕಿಲ್ಲ. ಪ್ಯಾನ್, ಆಧಾರ್, ಫೋಟೋ, ವಿಳಾಸದ ದಾಖಲೆ, ಹಿಂದಿನ 3 ವರ್ಷದ ಐಟಿ ರಿಟರ್ನ್ಸ್ ಇಟ್ಟುಕೊಳ್ಳಿ. ಮಂಡಿ ಸಂಬಳಕ್ಕೆ ನೀವು ರಿಟರ್ನ್ಸ್ ಹಾಕಿರಲಿಕ್ಕಿಲ್ಲ. ಹಾಕಬೇಕಾದಷ್ಟು ಆದಾಯ ಇರಲಿಲ್ಲ ಅಂತ ಘೋಷಣೆ ಬರೆದುಕೊಟ್ಟರೆ ನಡೆಯುತ್ತದೆ. ಶುಲ್ಕ ಒಬ್ಬರ ಹೆಸರಿಗಾದರೆ 25,000 ರೂಪಾಯಿ, ಸಂಸ್ಥೆಯ ಹೆಸರಿಗಾದರೆ 2 ಲಕ್ಷ. ಸ್ನೇಹಿತರ ಜೊತೆ ಸೇರಿ ಫರ್ಮ್ ಮಾಡುವ ಆಸೆ ಇದ್ದರೆ ಸ್ವಲ್ಪ ತಡೆಯಿರಿ, ಮೊದಲು ನಿಮ್ಮ ಹೆಸರಲ್ಲೇ ಮಾಡಿಸಿ. 5 ವರ್ಷ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ 2023ರಿಂದ ತರಬೇತಿ, ಪರೀಕ್ಷೆ ಎಲ್ಲ ತಂದಿದ್ದಾರೆ. ನಾನು ಇಲ್ಲಿ ಮಾಡಿಸಿದಾಗ ಪರೀಕ್ಷೆ ಇರಲಿಲ್ಲ.

ನೋಂದಣಿ ಇಲ್ಲದೆ ಮಾರಿಸಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಏರುತ್ತಾ ಹೋಗಿ, ಸೈಟಿನ ಬೆಲೆಯ ನೂರಕ್ಕೆ 5ರವರೆಗೂ ಮುಟ್ಟಬಹುದು. ನಮಗೆ ಸಿಗುವ ಕಮಿಷನ್ ನೂರಕ್ಕೆ ಒಂದೋ ಎರಡೋ ಅಲ್ವಾ? ಲೈಸೆನ್ಸ್ ಬಂದ ಮೇಲೂ ನೋಂದಣಿ ಆಗದ ಲೇಔಟ್ ಮುಟ್ಟುವ ಹಾಗಿಲ್ಲ. "ರೇರಾ ನಂಬರ್ ಇನ್ನೇನು ಬರ್ತದೆ, ಅಷ್ಟರಲ್ಲಿ ನಾಲ್ಕು ಬುಕಿಂಗ್ ತಗೊಳ್ಳಿ" ಅಂತ ಹೇಳುವವರು ಮೊದಲ ತಿಂಗಳಲ್ಲೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಒಪ್ಪಬೇಡಿ.

ಲೈಸೆನ್ಸ್ ವಿಷಯ ಇಷ್ಟೇ. ನೀವು ಕೇಳದೇ ಇರುವ ಇನ್ನೊಂದು ವಿಷಯ ಇದೆ. ಮಲೆನಾಡಿನಲ್ಲಿ ಈ ಕೆಲಸ ನಿಂತಿರುವುದು ಪಹಣಿ (ಜಮೀನು ಯಾರದು, ಎಷ್ಟು ಅಂತ ಹೇಳುವ ಕಂದಾಯ ದಾಖಲೆ) ಓದುವುದರ ಮೇಲೆ. ಅದನ್ನು ಯಾವ ಲೈಸೆನ್ಸೂ ಕಲಿಸುವುದಿಲ್ಲ.

ಕೆಲಸ ಶುರು ಮಾಡಿದ ಎರಡನೇ ವರ್ಷ ಸಾಗರ ತಾಲ್ಲೂಕಿನಲ್ಲಿ ಒಂದೂವರೆ ಎಕರೆ ತೋಟ ತೋರಿಸಿದೆ. ಕೊಳ್ಳಲು ಬಂದವರು ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ತೋಟದ ಮೇಲ್ಗಡೆ ಬೆಟ್ಟ, ಒಳ್ಳೆ ನೆರಳು. ಮೇಷ್ಟ್ರು ಛತ್ರಿ ಊರಿ ನಿಂತು, ಹೆಜ್ಜೆ ಹಾಕಿ ಅಳೆದು, "ಇಲ್ಲಿ ಅಡುಗೆಮನೆ, ಇಲ್ಲಿ ಜಗಲಿ" ಅಂತ ಹೆಂಡತಿಗೆ ತೋರಿಸಿದರು. ಮಾರುವವರು "ಅಜ್ಜನ ಕಾಲದಿಂದ ಇದೆಲ್ಲ ನಮ್ಮದೇ" ಅಂದರು. ನಾನೂ ತಲೆಯಾಡಿಸಿದೆ. ಎರಡು ಲಕ್ಷ ಅಡ್ವಾನ್ಸ್ ಕೈ ಬದಲಾಯಿತು. ಆಮೇಲೆ ವಕೀಲರು ಬೆಟ್ಟದ ಸರ್ವೆ ನಂಬರಿನ ಪಹಣಿ ತೆಗೆಸಿದರು. 9ನೇ ಕಲಂನಲ್ಲಿ ಸರ್ಕಾರ ಅಂತಿತ್ತು. ಅದು ಸೊಪ್ಪಿನಬೆಟ್ಟ. ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕು ಮಾತ್ರ ಅವರದು, ಜಾಗ ಅವರದಲ್ಲ. ಮಾರುವವರು ಬೇಕಂತ ಸುಳ್ಳು ಹೇಳಿರಲಿಲ್ಲ. ಮೂರು ತಲೆಮಾರು ಸೊಪ್ಪು ಹೊತ್ತ ಬೆಟ್ಟ ಅವರಿಗೆ ನಮ್ಮದು ಅಂತಲೇ ಅನಿಸುತ್ತದೆ. ನೋಡಬೇಕಿದ್ದವನು ನಾನು. ಅಡ್ವಾನ್ಸ್ ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತು. ಮೇಷ್ಟ್ರು ಒಂದು ದಿನವೂ ಬೈಯಲಿಲ್ಲ. ಪ್ರತಿ ಸೋಮವಾರ ಫೋನ್ ಮಾಡಿ "ಏನಾಯ್ತಪ್ಪಾ" ಅಂತ ಕೇಳುತ್ತಿದ್ದರು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಅವತ್ತಿಂದ ಪಹಣಿ ನೋಡದೆ ಯಾರನ್ನೂ ಜಾಗಕ್ಕೆ ಕರೆದುಕೊಂಡು ಹೋಗಿಲ್ಲ. 9ನೇ ಕಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಬ್ಯಾಂಕ್ ಸಾಲವೋ ಕೋರ್ಟ್ ತಡೆಯೋ ಇದೆಯಾ ನೋಡಿ. ವಿಸ್ತೀರ್ಣದಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಕಳೆದಿದ್ದಾರೆ ನೋಡಿ. 'ಬಿ' ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದು ಯಾರ ಖಾಸಗಿ ಸ್ವತ್ತೂ ಅಲ್ಲ.

ಜಮೀನು ಮಂಜೂರಾಗಿ ಬಂದಿದ್ದು ಅಂತ ಗೊತ್ತಾದರೆ ಅಲ್ಲೇ ನಿಲ್ಲಿ. ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಕೊಟ್ಟಿದ್ದರು ಅಂತ ಮೂಲ ಕಡತ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ (ಇಂಥ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಆ ಕ್ರಯ ಊರ್ಜಿತವಲ್ಲ. 2023ರ ತಿದ್ದುಪಡಿ ಬಂದ ಮೇಲೆ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಹಳೇ ವ್ಯವಹಾರ ಅಂತ ಸುಮ್ನೆ ಇರುವ ಹಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಶರಾವತಿ ಮುಳುಗಡೆಯವರ, ಅಂದರೆ ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರ, ಜಮೀನೂ ಇದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ಕ್ಕೇ ಮುಗಿಯಿತು, ಎಷ್ಟೋ ಮನೆಗಳಿಗೆ ಇನ್ನೂ ಪಹಣಿ ಆಗಿಲ್ಲ. ಕಷ್ಟಕ್ಕೆ ಸಿಕ್ಕಿ ಬಿಳಿ ಹಾಳೆ ಕರಾರಿನ (ನೋಂದಣಿ ಆಗದ ಬರಹದ) ಮೇಲೆ ಮಾರುತ್ತೇವೆ ಅಂತ ಅವರೇ ಬರಬಹುದು. ಅದರಲ್ಲಿ ಕಮಿಷನ್ ಹುಡುಕಬೇಡಿ. ಕೊಳ್ಳುವವರಿಗೆ ಹಕ್ಕು ಬರುವುದಿಲ್ಲ, ಆ ಮನೆಯವರು ಎರಡನೇ ಸಲ ಜಾಗ ಕಳೆದುಕೊಳ್ಳುತ್ತಾರೆ.

25,000 ಕಟ್ಟುವ ಮೊದಲು ಒಂದು ಕೆಲಸ ಮಾಡಿ. ನಾಡಕಚೇರಿಗೆ ಹೋಗಿ ನಿಮ್ಮ ಮನೆಯ ಜಮೀನಿನದೇ ಪಹಣಿ ತನ್ನಿ. ಅಪ್ಪನನ್ನೋ ಚಿಕ್ಕಪ್ಪನನ್ನೋ ಪಕ್ಕ ಕೂರಿಸಿಕೊಂಡು ಒಂದೊಂದೇ ಕಲಂ ಓದಿ. ಅರ್ಥವಾಗದ್ದಿದ್ದರೆ ಹೆಸರು, ಸರ್ವೆ ನಂಬರ್ ಮುಚ್ಚಿ ಇಲ್ಲೇ ಹಾಕಿ, ಬಿಡಿಸಿ ಹೇಳುತ್ತೇನೆ.