ಹಗುರ ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಪೆಲೆಟ್‌ಗಳು ಯಾಕೆ ಚದುರುತ್ತವೆ?

ಶ್ರೀನಿವಾಸಪುರದ ತೋಪಿನಲ್ಲಿ 10 ಮೀಟರ್ ದೂರದ ಕಾಗದದ ಗುರಿಗೆ ಹೊಡೆದರೂ ಚದುರುತ್ತದೆ ಎಂದಿದ್ದೀರಿ. ಮೊದಲು ಹಿಡಿತ ನೋಡಿ. ಪೆಲೆಟ್ ನಳಿಕೆ ಬಿಡುವ ಮೊದಲೇ ಒಳಗೆ ಸ್ಪ್ರಿಂಗ್ ತಳ್ಳುವ ಪಿಸ್ಟನ್ನಿನ ಓಟಕ್ಕೆ ಬಂದೂಕು ಅಲುಗುತ್ತದೆ, ಹಗುರವಾದಷ್ಟೂ ಹೆಚ್ಚು. ಬಿಗಿ ಹಿಡಿದರೆ ಆ ಅಲುಗಾಟ ಪ್ರತಿಸಲ ಬೇರೆಯಾಗುತ್ತದೆ. ಮುಂಭಾಗವನ್ನು ತೆರೆದ ಅಂಗೈ ಮೇಲೆ, ಪ್ರತಿಸಲ ಒಂದೇ ಜಾಗದಲ್ಲಿ ಸುಮ್ಮನೆ ಕೂರಿಸಿ. ಕಲ್ಲು, ಗೋಡೆಗೆ ಆನಿಸಲೇಬೇಡಿ.

ಸ್ಟಾಕಿನ, ಅಂದರೆ ಬಂದೂಕಿನ ಹಿಡಿಭಾಗದ, ಸ್ಕ್ರೂಗಳು ಸಡಿಲವಾಗುತ್ತಿರುತ್ತವೆ, ಬಿಗಿ ಮಾಡಿ.

ಆಮೇಲೆ ಪೆಲೆಟ್. 0.177 ಇಂಚಿನ (4.5 ಮಿ.ಮೀ.) ನಳಿಕೆಗೆ 7ರಿಂದ 8.5 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಮೂರ್ನಾಲ್ಕು ಬಗೆ ತನ್ನಿ. ಅಂಚು ನಜ್ಜಾದವನ್ನು ತೆಗೆದಿಡಿ. ಬಗೆ ಬದಲಿಸಿದಾಗ ಮೊದಲ ಹತ್ತು ಹೊಡೆತ ಲೆಕ್ಕಕ್ಕಿಲ್ಲ. ನಂತರ ಐದೈದರಂತೆ ಮೂರು ಗುಂಪು ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆಯಿರಿ. ಒಂದೇ ಗುಂಪು ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೀರಿ. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಮುಗಿಸಿ.

ಪಿಸ್ಟನ್ ಓಡುವ ಸಿಲಿಂಡರಿಗೆ ಅಡುಗೆ ಎಣ್ಣೆಯೋ ಹೊಲಿಗೆ ಯಂತ್ರದ ಎಣ್ಣೆಯೋ ಬಿಡಬೇಡಿ: ಒತ್ತಡದ ಬಿಸಿಗೆ ಅದು ಹತ್ತಿಕೊಂಡು ವೇಗ ಏರುಪೇರಾಗುತ್ತದೆ, ಸೀಲ್ ಹಾಳಾಗುತ್ತದೆ. ಗುರಿಯ ಹಿಂದೆ ದಪ್ಪ ಮಣ್ಣಿನ ದಿಬ್ಬ ಇರಲೇಬೇಕು. ಪೆಲೆಟ್ ಸೀಸದ್ದು, ಮುಟ್ಟಿದ ಕೈ ತೊಳೆಯಿರಿ. ತೋಪಿಗೆ ಬರುವ ನವಿಲು, ಗಿಳಿಗಳತ್ತ ಗುರಿಯಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.